ಮರಣವಾರ್ತೆಯ ಮರ್ಯಾದೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ, ಪಟ್ಟಣದ ಗದ್ದಲವು ಹಿಂದೆ ಬಿದ್ದು ಮಲೆನಾಡಿನ ಗಾಳಿಯು ತುಸು ಮೈಗೆ ತಾಕಹತ್ತುವ ಎಡೆಯಲ್ಲಿ ನಮ್ಮ ಪೀರನವಾಡಿ ಇರುತ್ತದೆ. ಇಲ್ಲಿಯ ವೃತ್ತದಲ್ಲಿ 2020ನೆಯ ಇಸವಿಯ ಆಗಸ್ಟದಲ್ಲಿ ಸಂಗೊಳ್ಳಿ ರಾಯಣ್ಣನ ಮೂರ್ತಿಯು ಪ್ರತಿಷ್ಠಿತವಾಯಿತು. ಆ ಕಾಲಕ್ಕೆ ಎದ್ದ ವಾದವನ್ನೂ ಅದು ಒಪ್ಪಂದದಿಂದ ಮುಗಿದ ಬಗೆಯನ್ನೂ ವಾಚಕರು ಬಲ್ಲರು; ಅದನ್ನು ಇಲ್ಲಿ ಮರಳಿ ಕೆದಕುವದು ನನ್ನ ಉದ್ದೇಶವಲ್ಲ. ಆದರೆ ಆ ದಿನಗಳಲ್ಲಿ ಕ್ಯಾಮರಾ ಹೊತ್ತ ವಾರ್ತಾಹರರು ನಮ್ಮ ಬೀದಿಯಲ್ಲಿ ನೆರೆದದ್ದನ್ನು ಕಂಡು ನನ್ನ ಮೊಮ್ಮಗಳು ಒಂದು ಪ್ರಶ್ನೆಯನ್ನು ಕೇಳಿದಳು: “ಅಜ್ಜಾ, ರಾಯಣ್ಣ ಸತ್ತಾಗ ಟೀವಿ ಇರಲಿಲ್ಲ, ಪೇಪರ ಇರಲಿಲ್ಲ. ಹಂಗಾರ ಮಂದಿಗೆ ಹ್ಯಾಂಗ ಗೊತ್ತಾತು?” ನಾನು ಆಗ ಏನೋ ಒಂದು ಉತ್ತರವನ್ನು ಕೊಟ್ಟೆನು, ಅದು ನನಗೇ ಸಮಾಧಾನವನ್ನು ಉಂಟುಮಾಡಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದುದರ ಫಲವೇ ಈ ಲೇಖನ.

ರಾಯಣ್ಣನನ್ನು ಗಲ್ಲಿಗೇರಿಸಿದ್ದು ನಂದಗಡದ ಹತ್ತಿರ, 1831ನೆಯ ಇಸವಿ ಜಾನೇವಾರಿ 26ನೆಯ ತಾರೀಖಿಗೆ. ಕನ್ನಡದಲ್ಲಿ ಮೊದಲನೆಯ ವರ್ತಮಾನಪತ್ರವಾದ ‘ಮಂಗಳೂರ ಸಮಾಚಾರ’ವು ಹೊರಟದ್ದು 1843ನೆಯ ಇಸವಿ ಜುಲೈ 1ಕ್ಕೆ. ಎಂದರೆ ನಮ್ಮ ಸೀಮೆಯ ಅತ್ಯಂತ ಪ್ರಸಿದ್ಧ ಮರಣವು ಕನ್ನಡದ ಮೊದಲನೆಯ ಪತ್ರಿಕೆಗಿಂತ ಹನ್ನೆರಡು ವರುಷ ಹಿಂದಿನದು. ಅದಕ್ಕೂ ಮೊದಲು, 1829ನೆಯ ಫೆಬ್ರುವರಿಯಲ್ಲಿ, ಬೈಲಹೊಂಗಲದ ಸೆರೆಯಲ್ಲಿ ರಾಣಿ ಚೆನ್ನಮ್ಮನು ತೀರಿಕೊಂಡಳು. ಆ ವಾರ್ತೆಯೂ ಕನ್ನಡ ಪತ್ರಿಕೆಯ ಅಚ್ಚಿನ ಮೊಳೆಯನ್ನು ಕಾಣಲಿಲ್ಲ. 1824ನೆಯ ಅಕ್ಟೋಬರ 23ಕ್ಕೆ ಕಿತ್ತೂರಿನ ಕೋಟೆಯ ಮುಂದೆ ಬಿದ್ದ ಥ್ಯಾಕರೆ ಸಾಹೇಬನ ಮರಣವು ಮಾತ್ರ ಕಂಪನಿ ಸರಕಾರದ ಕಾಗದಪತ್ರಗಳಲ್ಲಿ ಸವಿಸ್ತರವಾಗಿ ದಾಖಲಾಯಿತು. ಬರೆಯುವ ಕೈ ಯಾರದೋ ಅವರ ಸಾವು ಬರೆಹಕ್ಕೆ ಬರುವದು. ಇದು ಅಂದಿನ ರೀತಿ.

ಕಂಪನಿ ಸರಕಾರದವರು ರಾಯಣ್ಣನ ಮರಣದ ವಾರ್ತೆಯನ್ನು ಮುಚ್ಚಿಡಲಿಲ್ಲವೆಂಬುದನ್ನು ಲಕ್ಷ್ಯದಲ್ಲಿಡತಕ್ಕದ್ದು. ಅವನು ಬೀಡಿ, ನಂದಗಡ, ಖಾನಾಪುರದ ಸೀಮೆಯಲ್ಲಿ ಸರಕಾರಿ ಕಚೇರಿಗಳ ಮೇಲೆ ಬಿದ್ದು ದಫ್ತರಗಳನ್ನು ಸುಟ್ಟವನು. ಅದೇ ಸೀಮೆಯಲ್ಲಿ, ಅದೇ ಜನರ ಕಣ್ಣೆದುರಿಗೆ ಅವನಿಗೆ ಗಲ್ಲಾಯಿತು. ಬಯಲಿನಲ್ಲಿ ನೆಟ್ಟ ಗಲ್ಲುಗಂಬವೇ ಆ ಕಾಲದ ಸರಕಾರಿ ಪ್ರಕಟನೆ. ‘ನೋಡಿರಿ, ಹೆದರಿರಿ’ ಎಂಬುದು ಅದರ ಒಕ್ಕಣೆ. ಆದರೆ ನೋಡಲು ಬಂದ ಜನರು ಬೇರೊಂದು ವಾರ್ತೆಯನ್ನು ತೆಗೆದುಕೊಂಡು ಮನೆಗೆ ಹೋದರು. ಅವನ ಗೋರಿಯ ಮೇಲೆ ಗೆಳೆಯನೊಬ್ಬನು ನೆಟ್ಟನೆಂದು ಹೇಳುವ ಆಲದ ಗಿಡವು ಇಂದು ನಂದಗಡದಲ್ಲಿ ಮಹಾವೃಕ್ಷವಾಗಿ ನಿಂತಿದೆ. ಮಕ್ಕಳ ಫಲವನ್ನು ಬೇಡುವ ಹೆಣ್ಣುಮಕ್ಕಳು ಅದಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಹೆದರಿಸಲೆಂದು ಕೊಂದ ಸ್ಥಳಕ್ಕೆ ಜನರು ತೊಟ್ಟಿಲು ಕಟ್ಟುವರೆಂಬುದು ಆ ಸರಕಾರದ ಲೆಕ್ಕದಲ್ಲಿ ಇದ್ದಿಲ್ಲ.

ಮೊಮ್ಮಗಳಿಗೆ ನಾನು ಹೇಳಬೇಕಾಗಿದ್ದ ಉತ್ತರವು ಲಾವಣಿ. ಜಾತ್ರೆಯಿಂದ ಜಾತ್ರೆಗೆ, ಸಂತೆಯಿಂದ ಸಂತೆಗೆ ಡಪ್ಪು ತುಂತುಣಿಗಳೊಡನೆ ನಡೆದು ಹೋದ ಹಾಡಿಕೆಯವರೇ ನಮ್ಮ ಸೀಮೆಯ ಮೊದಲನೆಯ ವಾರ್ತಾಹರರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ಲೀಟ ಸಾಹೇಬರು ನಮ್ಮ ಭಾಗದ ಕನ್ನಡ ಲಾವಣಿಗಳನ್ನು ಕೂಡಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದರು. ಶಾಸನಗಳ ಪಂಡಿತರಾದ ಅವರು ಬೀದಿಯ ಹಾಡಿಗೂ ಕಿವಿಗೊಟ್ಟರೆಂಬುದು ನಮ್ಮ ಪುಣ್ಯ. ಈ ಹಾಡುಗಳಲ್ಲಿ ಶೌರ್ಯವಿದೆ, ದುಃಖವಿದೆ, ಸ್ಥಳಗಳ ಮತ್ತು ಮನುಷ್ಯರ ಹೆಸರುಗಳಿವೆ. ರಾಯಣ್ಣನನ್ನು ಹಿಡಿದುಕೊಟ್ಟವರು ಯಾರೆಂಬದನ್ನೂ ಜನರ ಬಾಯಿ ಊರುಸಹಿತ ಹೇಳುತ್ತದೆ. ನಾನು ಆ ಹೆಸರುಗಳನ್ನು ಇಲ್ಲಿ ಬರೆಯುವದಿಲ್ಲ. ಅವು ದೊರೆಯದೆ ಇದ್ದವೆಂದಲ್ಲ. ಆ ಮನೆತನದವರು ಇಂದಿಗೂ ಇರಬಹುದು, ಎರಡು ನೂರು ವರುಷಗಳ ಹಿಂದಿನ ಹಿರಿಯನೊಬ್ಬನ ಮೇಲಿನ ಆರೋಪವನ್ನು ಹೊತ್ತು ಅವರ ಮಕ್ಕಳು ಶಾಲೆಗೆ ಹೋಗಬೇಕಾಗಬಹುದು. ಹಾಡಿಕೆಯವನಿಗೆ ಈ ವಿಚಾರವಿರಲಿಲ್ಲ. ಅವನನ್ನು ದೂಷಿಸಲಾರೆ, ಆದರೆ ಬರೆಯುವವನಿಗೆ ಇರಬೇಕಲ್ಲವೇ?

ಈ ಮಾತು ಇನ್ನೂ ಚೆನ್ನಾಗಿ ತಿಳಿಯುವದು ಅದೇ ಬೈಲಹೊಂಗಲದ ಮತ್ತೊಂದು ಕಥೆಯಿಂದ. ಸಂಗ್ಯಾ ಎಂಬ ಸಾಹುಕಾರನ ಕೊಲೆಯನ್ನು ಕುರಿತ ಲಾವಣಿಯು ಫ್ಲೀಟರ ಸಂಗ್ರಹದಲ್ಲಿಯೂ ಸೇರಿದೆ. ಮುಂದೆ ಅದೇ ‘ಸಂಗ್ಯಾ-ಬಾಳ್ಯಾ’ ಎಂಬ ಸಣ್ಣಾಟವಾಗಿ ನಮ್ಮ ಜಿಲ್ಲೆಯ ಊರೂರ ಕಟ್ಟೆಯ ಮೇಲೆ ಬೆಳಗಿನ ತನಕ ಆಡಲ್ಪಟ್ಟಿತು. ಸಂಗ್ಯಾನು ಗಂಗಿಯೆಂಬ ಪರಸ್ತ್ರೀಯನ್ನು ಮೋಹಿಸಿದನು. ಗೆಳೆಯನಾದ ಬಾಳ್ಯಾನು ಮೊದಲು ನೆರವಾಗಿ ಕಡೆಗೆ ಎರಡು ಬಗೆದನು. ಗಂಗಿಯ ಗಂಡನೂ ಅವನ ಅಣ್ಣತಮ್ಮಂದಿರೂ ಸೇರಿ ಸಂಗ್ಯಾನನ್ನು ಕೊಂದರು. ನಾನು ಹುಡುಗನಿದ್ದಾಗ ಈ ಆಟವನ್ನು ಕಂಬಳಿ ಹೊದ್ದುಕೊಂಡು ನೋಡಿದ್ದೇನೆ. ಸಂಗ್ಯಾನು ಬೀಳುವಾಗ ಅತ್ತಿದ್ದೇನೆ. ಗಂಗಿಯ ವಿಷಯವಾಗಿ ಮರುದಿನ ಕೆರೆಯ ದಂಡೆಯಲ್ಲಿ ದೊಡ್ಡವರು ಆಡಿದ ಮಾತುಗಳನ್ನು ಕೇಳಿ ನಕ್ಕಿದ್ದೇನೆ ಕೂಡ. ಈಗ ಯೋಚಿಸಿದರೆ ಹೊಟ್ಟೆಯಲ್ಲಿ ಒಂದು ತರಹವಾಗುತ್ತದೆ. ಕೊಲೆಯಾದವನಿಗೆ ಹಾಡು ಸಿಕ್ಕಿತು, ಕೊಂದವರಿಗೆ ನ್ಯಾಯಾಸ್ಥಾನವಿತ್ತು, ಆ ಹೆಣ್ಣುಮಗಳ ಹೆಸರು ಮಾತ್ರ ಒಂದು ಶತಮಾನಕ್ಕೂ ಮಿಗಿಲಾಗಿ ಪ್ರತಿಯೊಂದು ಜಾತ್ರೆಯಲ್ಲಿ ದೀಪದ ಮುಂದೆ ನಿಂತಿತು. ಅವಳು ಏನು ಹೇಳುತ್ತಿದ್ದಳೆಂಬದು ಕವಿಯು ಅವಳ ಬಾಯಲ್ಲಿ ಹಾಕಿದಷ್ಟೇ ನಮಗೆ ಗೊತ್ತು.

ಕಲೆಯ ದೃಷ್ಟಿಯಿಂದ ಆ ಆಟವು ರತ್ನವೆಂಬುದನ್ನು ನಾನು ಅಲ್ಲಗಳೆಯುವವನಲ್ಲ. ನಮ್ಮ ಘೋಡಗೇರಿಯವರೇ ಆದ ಚಂದ್ರಶೇಖರ ಕಂಬಾರರು ಅದನ್ನು ವಿದ್ಯಾವಂತರ ಲಕ್ಷ್ಯಕ್ಕೆ ತಂದದ್ದು ಯೋಗ್ಯವೇ ಆಯಿತು. ಆದರೆ ವಾರ್ತೆಯೆಂದು ಹುಟ್ಟಿದ್ದು ವಿನೋದವಾಗಿ ಬೆಳೆಯುವಾಗ ಯಾರ ಮಾನವು ಕಾಲಕೆಳಗೆ ಬೀಳುವದೆಂಬ ಪ್ರಶ್ನೆಗೆ ಇದಕ್ಕಿಂತ ಹಳೆಯ ದೃಷ್ಟಾಂತವು ನಮ್ಮ ಜಿಲ್ಲೆಯಲ್ಲಿ ನನಗೆ ಕಾಣಲಿಲ್ಲ. ಇದನ್ನು ಸ್ಮರಣದಲ್ಲಿಟ್ಟುಕೊಂಡು ವಾಚಕರು 2020ನೆಯ ಇಸವಿಗೆ ಬರಬೇಕು. ಆ ವರ್ಷದ ಜೂನ 14ಕ್ಕೆ ಮುಂಬಯಿಯಲ್ಲಿ ಸುಶಾಂತಸಿಂಗ ರಾಜಪೂತನೆಂಬ ತರುಣ ನಟನು ಮರಣ ಹೊಂದಿದನು. ಮುಂದೆ ತಿಂಗಳುಗಟ್ಟಲೆ ದೂರದರ್ಶನದ ಹಿಂದಿ ಇಂಗ್ಲಿಷ ವಾಹಿನಿಗಳಲ್ಲಿ ನಡೆದದ್ದು ನಮ್ಮ ಸಣ್ಣಾಟವೇ. ತಾಳಮೇಳ ಮಾತ್ರ ಬೇರೆ. ಶವದ ಚಿತ್ರವು ಮನೆಮನೆಯಲ್ಲಿ ಕಂಡಿತು. ಅವನು ಬರೆಯದೆ ಇದ್ದ ಮಾತುಗಳನ್ನು ಅವನವೆಂದು ಪ್ರಸಾರಮಾಡಿದ ವಾಹಿನಿಯೊಂದಕ್ಕೆ ವಾಹಿನಿಗಳ ಶಿಸ್ತಿನ ಮಂಡಳವೇ ಒಂದು ಲಕ್ಷ ರೂಪಾಯಿಯ ದಂಡವನ್ನು ವಿಧಿಸಿ ಕ್ಷಮೆ ಕೇಳಲು ಹೇಳಿತು. ಅವನ ಪ್ರೇಯಸಿಯಾಗಿದ್ದ ನಟಿಯನ್ನು ವಿಚಾರಣೆಯ ಮೊದಲೇ ಕೊಲೆಗಾರಳೆಂಬಂತೆ ಚಿತ್ರಿಸಿದರು. ಅವಳು ಬೇರೊಂದು ಮೊಕದ್ದಮೆಯಲ್ಲಿ ಸುಮಾರು ಒಂದು ತಿಂಗಳು ಸೆರೆಮನೆಯಲ್ಲಿದ್ದಳು. 2025ನೆಯ ಮಾರ್ಚದಲ್ಲಿ ಕೇಂದ್ರದ ಅನ್ವೇಷಣ ಸಂಸ್ಥೆಯಾದ ಸಿ.ಬಿ.ಐ.ಯು ತನಿಖೆಯನ್ನು ಮುಗಿಸುವ ವರದಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಿತು. ಆ ಮರಣದಲ್ಲಿ ಅನ್ಯರ ಕೈವಾಡವು ಅದಕ್ಕೆ ಕಾಣಲಿಲ್ಲ. ಗಂಗಿಗೆ ಇಂಥದೊಂದು ವರದಿಯೂ ದೊರೆಯಲಿಲ್ಲ.

ನಮ್ಮ ಬೆಳಗಾವಿಯು 1956ರ ವರೆಗೆ ಮುಂಬಯಿ ಆಧಿಪತ್ಯದಲ್ಲಿದ್ದದ್ದರಿಂದ ನಮ್ಮ ಹಿರಿಯರು ಮುಂಬಯಿಯ ಹೈಕೋರ್ಟನ್ನು ತಮ್ಮದೆಂದೇ ಬಗೆಯುತ್ತಿದ್ದರು. ಅದೇ ಹೈಕೋರ್ಟವು 2021ನೆಯ ಜಾನೇವಾರಿ 18ಕ್ಕೆ ಈ ಪ್ರಕರಣದಲ್ಲಿ ಕೊಟ್ಟ ನಿರ್ಣಯವು ದೀರ್ಘವಾದದ್ದು. ನ್ಯಾಯಮೂರ್ತಿಗಳಾದ ದೀಪಾಂಕರ ದತ್ತ ಮತ್ತು ಗಿರೀಶ ಕುಲಕರ್ಣಿಯವರು, ನಡೆಯುತ್ತಿರುವ ತನಿಖೆಯ ಮೇಲೆ ವಾಹಿನಿಗಳು ತಾವೇ ನ್ಯಾಯಾಧೀಶರಾಗಿ ಕುಳಿತುಕೊಳ್ಳುವದು ನ್ಯಾಯದಾನಕ್ಕೆ ಅಡ್ಡಿಯೆಂದು ಹೇಳಿ, ಮೃತನನ್ನು ದುರ್ಬಲ ಮನಸ್ಸಿನವನೆಂದು ಬಣ್ಣಿಸುವದು, ಸಾವನ್ನು ಮರಳಿ ನಟಿಸಿ ತೋರಿಸುವದು, ಸಾಕ್ಷಿದಾರರನ್ನು ಹಿಡಿದು ಪ್ರಶ್ನಿಸುವದು ಮೊದಲಾದವುಗಳಿಂದ ದೂರವಿರಬೇಕೆಂದು ಸೂಚಿಸಿದರು. ಇದಕ್ಕೂ ಮೊದಲು 2019ನೆಯ ಸಪ್ಟೆಂಬರದಲ್ಲಿಯೇ ಭಾರತದ ಪತ್ರಿಕಾ ಮಂಡಲಿಯು, ಆತ್ಮಹತ್ಯೆಯ ವಾರ್ತೆಯನ್ನು ದೊಡ್ಡ ಮೊಳೆಯಲ್ಲಿ ಹಾಕಬಾರದು, ರೀತಿಯನ್ನೂ ಸ್ಥಳವನ್ನೂ ವಿವರಿಸಬಾರದು, ಚಿತ್ರಗಳನ್ನು ಪ್ರಕಟಿಸಬಾರದು ಎಂಬ ನಿಯಮಗಳನ್ನು ಅಂಗೀಕರಿಸಿತ್ತು. ನಿಯಮವು ಪುಸ್ತಕದಲ್ಲಿತ್ತು. ಪುಸ್ತಕವು ಕಪಾಟಿನಲ್ಲಿತ್ತು.

ಸಾವಿನ ಸುದ್ದಿಯಲ್ಲಿ ಒಂದು ಮಾತಿನ ಬೆಲೆ ಎಷ್ಟೆಂಬದು ನಮ್ಮ ಸೀಮೆಯವರಿಗೆ ಚೆನ್ನಾಗಿ ತಿಳಿದದ್ದು 1948ರಲ್ಲಿ. ಜಾನೇವಾರಿ 30ರ ಸಂಜೆ ದಿಲ್ಲಿಯಲ್ಲಿ ಗಾಂಧೀಜಿಯವರ ಹತ್ಯೆಯಾದಾಗ, ಕೊಂದವನು ಮುಸಲ್ಮಾನನೆಂಬ ಗುಲ್ಲು ಕ್ಷಣದಲ್ಲಿ ಎದ್ದಿತು. ಆಕಾಶವಾಣಿಯು ಆರು ಗಂಟೆಯ ಪ್ರಕಟನೆಯಲ್ಲಿ ಕೊಂದವನು ಹಿಂದೂ ಎಂದು ಸ್ಪಷ್ಟವಾಗಿ ಹೇಳಿತು. ಆ ಒಂದು ಪದವು ಎಷ್ಟು ಜೀವಗಳನ್ನು ಉಳಿಸಿತೆಂಬದನ್ನು ಎಣಿಸುವದು ಸಾಧ್ಯವಿಲ್ಲ. ಅದನ್ನು ಹೇಳದೆ ಇರುವದು ತಪ್ಪಾಗುತ್ತಿತ್ತು. ಆದರೆ ಕೊಂದವನ ಜಾತಿಯು ಹೊರಬಿದ್ದ ಮೇಲೆ ನಮ್ಮ ನೆರೆಯ ಕೊಲ್ಹಾಪುರ, ಸಾಂಗಲಿ, ಸಾತಾರೆಗಳಲ್ಲಿ ಏನೂ ಅರಿಯದ ಬ್ರಾಹ್ಮಣರ ಮನೆಗಳು ಬೆಂಕಿಗೆ ತುತ್ತಾದವು. ಅಂದರೆ ಸತ್ಯವಾದದ್ದನ್ನು ಹೇಳಿದರೂ ಅದು ಒಬ್ಬರನ್ನು ಕಾಯ್ದು ಇನ್ನೊಬ್ಬರನ್ನು ಸುಡಬಲ್ಲದು. ಸುಳ್ಳನ್ನು ಬಿಟ್ಟರೆ ಸಾಕು ಎಂದು ನಂಬಿದ ವಾರ್ತಾಹರನು ಈ ಪ್ರಸಂಗವನ್ನು ಎರಡು ಸಲ ಓದತಕ್ಕದ್ದು. ನನಗೂ ಇದಕ್ಕೆ ಸರಳವಾದ ಉತ್ತರವು ಹೊಳೆದಿಲ್ಲ.

ಇನ್ನು ಸಾಯದೆ ಇದ್ದವರನ್ನು ಸಾಯಿಸಿದ ಪ್ರಸಂಗಗಳು. 1979ನೆಯ ಮಾರ್ಚ 22ಕ್ಕೆ ಪ್ರಧಾನಮಂತ್ರಿ ಮೊರಾರ್ಜಿ ದೇಸಾಯಿಯವರೇ ಲೋಕಸಭೆಯಲ್ಲಿ ಎದ್ದು ಜಯಪ್ರಕಾಶ ನಾರಾಯಣರು ತೀರಿಕೊಂಡರೆಂದು ಹೇಳಿದರು. ಸಭೆಯು ಶೋಕದಿಂದ ಮುಂದೂಡಲ್ಪಟ್ಟಿತು. ಸುದ್ದಿಯು ದೇಶದಲ್ಲೆಲ್ಲ ಹಬ್ಬಿತು. ಜಯಪ್ರಕಾಶರು ಮುಂಬಯಿಯ ಆಸ್ಪತ್ರೆಯಲ್ಲಿ ಜೀವಂತರಾಗಿದ್ದರು. ಅವರು ನಿಜವಾಗಿ ತೀರಿಕೊಂಡದ್ದು ಅಕ್ಟೋಬರ 8ಕ್ಕೆ. ಇದನ್ನು ಹಾಸ್ಯದ ಸಂಗತಿಯೆಂದು ಹೇಳುವ ವಾಡಿಕೆಯುಂಟು. ರೋಗಿಯ ಮಂಚದ ಬದಿಗೆ ಕುಳಿತವರಿಗೆ ಅದು ಹಾಸ್ಯವಾಗಿದ್ದೀತೇ?

ಈ ಪ್ರಶ್ನೆಯು ಕನ್ನಡಿಗರ ಎದೆಗೆ ನೇರವಾಗಿ ಬಂದು ತಾಗಿದ್ದು ನಟ ಸಂಚಾರಿ ವಿಜಯರ ವಿಷಯದಲ್ಲಿ. ಕಡೂರು ತಾಲೂಕಿನ ಪಂಚನಹಳ್ಳಿಯವರಾದ ಅವರು ‘ನಾನು ಅವನಲ್ಲ ಅವಳು’ ಎಂಬ ಚಿತ್ರದಲ್ಲಿಯ ಅಭಿನಯಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದವರು. 2021ನೆಯ ಜೂನ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕಿನ ಅಪಘಾತದಿಂದ ಅವರ ತಲೆಗೆ ಪೆಟ್ಟಾಯಿತು. 14ಕ್ಕೆ ವೈದ್ಯರು ಮೆದುಳು ಸ್ಪಂದಿಸುತ್ತಿಲ್ಲವೆಂದು ಹೇಳಿದರು. ಮನೆಯವರು ಅಂಗದಾನಕ್ಕೆ ಸಮ್ಮತಿಸಿದರು. ಇಲ್ಲಿ ಕಾಯಿದೆಯ ಒಂದು ಸೂಕ್ಷ್ಮವಿದೆ. 1994ನೆಯ ಅಂಗಕಸಿಯ ಕಾಯಿದೆಯ ಮೇರೆಗೆ ನಾಲ್ವರು ವೈದ್ಯರ ಮಂಡಲವು, ಕನಿಷ್ಠ ಆರು ತಾಸುಗಳ ಅಂತರದಿಂದ ಎರಡು ಸಲ ಪರೀಕ್ಷಿಸಿ, ಮೆದುಳಿನ ಕಾಂಡವು ಮರಳಿ ಬಾರದಂತೆ ನಿಂತಿದೆಯೆಂದು ಬರೆದುಕೊಟ್ಟ ಹೊರತು ಮರಣವು ಮರಣವಾಗುವದಿಲ್ಲ. ಆ ಎರಡು ಪರೀಕ್ಷೆಗಳ ನಡುವಿನ ತಾಸುಗಳು ಮನೆಯವರ ಪಾಲಿಗೆ ಎಂಥವೆಂಬುದನ್ನು ಅನುಭವಿಸಿದವನೇ ಬಲ್ಲ. ಅದೇ ಹೊತ್ತಿನಲ್ಲಿ ವಿಜಯರು ‘ಇನ್ನಿಲ್ಲ’ವೆಂದು ನಾಡೆಲ್ಲ ಹೇಳಹತ್ತಿತು, ಚಿತ್ರರಂಗದ ಗಣ್ಯರೂ ಸಂತಾಪಗಳನ್ನು ಪ್ರಕಟಿಸಿದರು. ಹೃದಯವು ಆಗ ಬಡಿಯುತ್ತಿತ್ತು. ಮರಣವು ಅಧಿಕೃತವಾಗಿ ಪ್ರಕಟವಾದದ್ದು 15ರ ಬೆಳಗಿನ ಜಾವದಲ್ಲಿ.

‘ಹೇಗಿದ್ದರೂ ಉಳಿಯುತ್ತಿರಲಿಲ್ಲ, ಒಂದು ದಿನದಿಂದ ಏನಾಯಿತು?’ ಎಂದು ಪತ್ರಿಕಾವೃತ್ತಿಯ ಒಬ್ಬ ಮಿತ್ರರು ನನ್ನೊಡನೆ ವಾದಿಸಿದರು. ಏನಾಗುವದೆಂಬುದನ್ನು ನಾನು ನನ್ನ ಮನೆಯಲ್ಲಿಯೇ ಕಂಡಿದ್ದೇನೆ. ಕೋವಿಡ ಬೇನೆಯ ಕಾಲದಲ್ಲಿ ನನ್ನ ಸೋದರಮಾವನು ಆಸ್ಪತ್ರೆಯಲ್ಲಿದ್ದಾಗ, ಅವನು ತೀರಿದನೆಂಬ ಸುದ್ದಿಯು ಚಿತ್ರಸಮೇತವಾಗಿ ಯಾರದೋ ಫೋನಿನಿಂದ ಹೊರಟು ಊರಿಗೆ ಮುಟ್ಟಿತು. ಅತ್ತಿಯ ಕೈಬಳೆಗಳನ್ನು ಒಡೆಯಲು ನೆರೆಯವರು ಬಂದು ಕುಳಿತರು. ಮಾವನು ಸತ್ತದ್ದು ಅಲ್ಲಿಂದ ಒಂಬತ್ತನೆಯ ದಿವಸಕ್ಕೆ. ಆ ಒಂಬತ್ತು ದಿವಸ ಅತ್ತಿಯು ಕುಂಕುಮವನ್ನು ಹಚ್ಚಿಕೊಳ್ಳುವಾಗ ಕನ್ನಡಿಯನ್ನು ನೋಡುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮ ಹಳ್ಳಿಗಳ ಹಿಂದಿನ ಪದ್ಧತಿಯನ್ನು ನೆನೆಯಬೇಕು. ಸಾವಿನ ಸುದ್ದಿಯನ್ನು ಒಯ್ಯುವವನು ಹೊಸ್ತಿಲಲ್ಲಿ ನಿಂತು ‘ಸತ್ತರು’ ಎಂದು ಒದರುತ್ತಿರಲಿಲ್ಲ. “ಭಾಳ ಜಡ್ಡಾಗ್ಯದ, ಲಗೂ ಬರ್ರಿ” ಎನ್ನುತ್ತಿದ್ದನು. ಮಗಳನ್ನು ತವರಿಗೆ ಕರೆತರುವ ದಾರಿಯುದ್ದಕ್ಕೂ ಹಾಗೆಯೇ ಹೇಳುತ್ತ, ಊರ ಅಗಸಿಯು ಕಂಡಾಗ ಮಾತ್ರ ಸುಮ್ಮನಾಗುತ್ತಿದ್ದನು. ಆ ಮೌನದಿಂದ ಅವಳಿಗೆ ತಿಳಿಯುತ್ತಿತ್ತು. ಸೂತಕದ ಕಾಗದವನ್ನು ಓದಿದ ಕೂಡಲೆ ಹರಿದುಹಾಕುತ್ತಿದ್ದರು, ಮನೆಯಲ್ಲಿ ಇಡುತ್ತಿರಲಿಲ್ಲ. ಇವುಗಳಲ್ಲಿ ಮೂಢನಂಬುಗೆಯೂ ಇದ್ದೀತು. ಆದರೆ ಸುದ್ದಿಯು ಯಾರಿಗೆ ಮೊದಲು ಸೇರತಕ್ಕದ್ದು, ಎಷ್ಟೆಷ್ಟಾಗಿ ಸೇರತಕ್ಕದ್ದು ಎಂಬ ಎಣಿಕೆಯೂ ಇತ್ತು. 2013ನೆಯ ಜುಲೈದಲ್ಲಿ ನಿಂತುಹೋದ ತಾರಿನ ಕಾಲಕ್ಕೂ ಅಂಚೆಯ ಸಿಪಾಯಿಯು ಮುಖ ನೋಡಿ ಕಾಗದವನ್ನು ಕೊಡುತ್ತಿದ್ದನು.

ಸುದ್ದಿಯನ್ನು ತಡೆದಿಟ್ಟದ್ದೂ ಉಂಟು. 2006ನೆಯ ಎಪ್ರಿಲ 12ಕ್ಕೆ ಡಾ. ರಾಜಕುಮಾರರು ತೀರಿದಾಗ ಸುದ್ದಿಯು ಮುಂದೆ, ವ್ಯವಸ್ಥೆಯು ಹಿಂದೆ ಆಯಿತು. ಬೆಂಗಳೂರಿನ ಬೀದಿಗಳಲ್ಲಿ ದೊಂಬಿಯೆದ್ದು ಪೋಲೀಸನೊಬ್ಬನೂ ಸೇರಿ ಹಲವರು ಸತ್ತರು. ಅವರ ಕಿರಿಯ ಮಗ ಪುನೀತರು 2021ನೆಯ ಅಕ್ಟೋಬರ 29ಕ್ಕೆ, ನಲವತ್ತಾರನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿದಾಗ ಸರಕಾರವು ಪಾಠ ಕಲಿತಿತ್ತು. ಆಸ್ಪತ್ರೆಯ ಸುತ್ತ ಪೋಲೀಸರು ನಿಂತ ಮೇಲೆ, ಮಧ್ಯಾಹ್ನವಾದ ಮೇಲೆ ಮರಣವು ಪ್ರಕಟವಾಯಿತು. ಪೀರನವಾಡಿಯಲ್ಲಿ ಅಂದು ಚಹದ ಅಂಗಡಿಯ ಮುಂದೆ ನಿಂತವರೆಲ್ಲರೂ ಒಂದೇ ಫೋನಿನೊಳಗೆ ಇಣುಕುತ್ತಿದ್ದರು. ಮರಾಠಿ ಮಾತಾಡುವವರೂ ಇದ್ದರು, ಕನ್ನಡ ಮಾತಾಡುವವರೂ ಇದ್ದರು, ಯಾರೂ ಮಾತಾಡುತ್ತಿರಲಿಲ್ಲ. ಅಂತ್ಯಸಂಸ್ಕಾರವು 31ರಂದು ಶಾಂತವಾಗಿಯೇ ನಡೆಯಿತು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತೆಂಬ ವಾರ್ತೆಯನ್ನು ಕೇಳಿ ನೇತ್ರದಾನಕ್ಕೆ ಹೆಸರು ಕೊಡುವವರ ಸಾಲು ಬೆಳೆಯಿತು. ಮರಣವಾರ್ತೆಯಿಂದ ಲೋಕೋಪಕಾರವೂ ಆಗಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆದರೆ ಅದೇ ವಾರದಲ್ಲಿ ಅಭಿಮಾನಿಗಳ ಸಾವುಗಳ ಸುದ್ದಿಗಳು, ನಮ್ಮ ಬೆಳಗಾವಿ ಜಿಲ್ಲೆಯವು ಕೂಡ, ಒಂದರ ಮೇಲೊಂದು ಬರಹತ್ತಿದವು. ಕೆಲವರು ಎದೆಯೊಡೆದು ಸತ್ತರು, ಕೆಲವರು ತಾವಾಗಿ ಪ್ರಾಣವನ್ನು ಕಳಕೊಂಡರು. ಅವರ ಹೆಸರು, ಚಿತ್ರ, ಸತ್ತ ರೀತಿ ಎಲ್ಲವೂ ಬಂದವು. 2019ರ ನಿಯಮವು ಆಗಲೂ ಕಪಾಟಿನಲ್ಲಿಯೇ ಇತ್ತು. ಚಿಕಿತ್ಸೆ ಮಾಡಿದ ವೈದ್ಯರ ಮೇಲೆ ಸಂಶಯದ ಮಾತುಗಳನ್ನು ಪರದೆಯ ಮೇಲೆ ಎಷ್ಟು ಸಲ ಹೇಳಿದರೆಂದರೆ, ಅವರ ಮನೆಗೆ ಪೋಲೀಸರ ಕಾವಲನ್ನು ಇಡಬೇಕಾಯಿತು.

ತಡೆದಿಟ್ಟ ಸುದ್ದಿಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೊಂದು. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ನೆಯ ಜಾನೇವಾರಿ 21ಕ್ಕೆ, ನೂರಾ ಹನ್ನೊಂದನೆಯ ವಯಸ್ಸಿನಲ್ಲಿ, ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ ಲಿಂಗೈಕ್ಯರಾದರು. ವಾಹಿನಿಗಳ ಗಾಡಿಗಳು ಮಠದ ಬಾಗಿಲಲ್ಲಿ ದಿನಗಟ್ಟಲೆ ನಿಂತಿದ್ದವು. ಮಠದವರು ಏನನ್ನೂ ಹೇಳಲಿಲ್ಲ. ಸುದ್ದಿ ತಿಳಿದರೆ ಮಠದಲ್ಲಿ ಓದುವ ಸಾವಿರಾರು ಮಕ್ಕಳು ಉಣ್ಣದೆ ಎದ್ದಾರು; ಅವರ ಊಟವು ಮುಗಿಯುವ ವರೆಗೆ ತಮ್ಮ ಮರಣವನ್ನು ಪ್ರಕಟಿಸಬಾರದೆಂದು ಸ್ವಾಮಿಗಳು ಮೊದಲೇ ಹೇಳಿಟ್ಟಿದ್ದರಂತೆ. ಮಕ್ಕಳು ಸಾಲಿನಲ್ಲಿ ಕುಳಿತು ಉಂಡರು. ಅವರು ಎದ್ದ ಮೇಲೆ ನಾಡಿಗೆ ಸುದ್ದಿಯಾಯಿತು.